ಗೆರೆ ಮಲಗಿಸದ ಮಾಸೆಲ್ಲೊ

ಮಾಸೆಲ್ಲೊ ಎಂದರೆ ಸೆಲ್ಲೊನ ತಾಯಿ ಎಂದರ್ಥ. ಸೆಲ್ಲೊ ಎಂಬ ಮಗ ಆಕೆಗೆ ಹುಟ್ಟಲೇ ಇಲ್ಲ. ಆಫ್ರಿಕದ ಲೆಸೊಥೊದಲ್ಲಿ ಸೊಸೆ ಮನೆಗೆ ಬಂದ ದಿನವೇ ಅತ್ತೆಮನೆಯವರು ಮುಂದೆ ಹುಟ್ಟಬೇಕಾದ ಮಗುವಿನ ಹೆಸರು ಗೊತ್ತುಮಾಡಿ, ಆಕೆಯನ್ನು ಇಂಥವನ ತಾಯಿ ಎಂದು ಕರೆಯಲು ಶುರುಮಾಡುತ್ತಾರೆ. ಮಾಸೆಲ್ಲೊಳ ಮಾವನಿಗೆ ಗಂಡುಮಗು ಬೇಕಾಗಿತ್ತು, ಸೆಲ್ಲೊ ಎಂದುಬಿಟ್ಟ. ಹುಟ್ಟಿದ್ದು ಮೂರು ಹೆಣ್ಣು. ಮಾವ ಸಾಯುವ ತನಕ ಮೊಮ್ಮಗನ ದಾರಿ ನೋಡಿದ. ಯಾರಾದರೂ ಈ ಮಾತು ತೆಗೆದರೆ ಮಾಸೆಲ್ಲೊ, "ತಾಯಿ ಹೇಳಿದ ಹೊತ್ತಿಗೆ ಬಂದಿದಾಳೆ. ಮಗನೇ ಬರ್ಲಿಲ್ಲ. ಅದಕ್ಕೆ ನಾನೇನ್ಮಾಡ್ಲಿ?" ಎನ್ನುತ್ತಿದ್ದಳು.

ಗಂಡ ಜೋಹಾನ್ಸ್‌ಬರ್ಗಿನ ಚಿನ್ನದ ಗಣಿಯಲ್ಲಿದ್ದ. ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಕಬ್ಬಿಣದ ಪೆಟ್ಟಿಗೆ ಹೊತ್ತು ಬರುತ್ತಿದ್ದ, ಮೂರು ವಾರ ಇರುತ್ತಿದ್ದ, ಅದರಲ್ಲಿ ಎರಡು ವಾರ ಜೋಳದ ಬಿಯರಿನ ಜೊತೆ. "ಒಟ್ಟು ಲೆಕ್ಕ ಹಾಕಿದ್ರೆ ಅವನ ಜೊತೆ ನಾನು ಒಂದು ವರ್ಷಕ್ಕೆ ಒಂದು ವಾರ ಕಮ್ಮಿ ಸಂಸಾರ ಮಾಡಿದೀನಿ. ಅಷ್ಟಕ್ಕೆ ಮೂರು ಮಕ್ಕಳು ಜಾಸ್ತೀನೇ ಆಯ್ತು" ಎಂದು ಆಕೆ ಪಾದ್ರಿಯ ಎದುರಿಗೇ ಹೇಳಿದ್ದುಂಟು. ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಅವನು ಸತ್ತ ಮೇಲೆ, ಮೂವತ್ತಾರನೇ ವಯಸ್ಸಿನಲ್ಲಿ, ಮಾಸೆಲ್ಲೊ ಕಂಬಳಿ ನೇಯುವ ಹೆಂಗಸರ ಸಂಘಕ್ಕೆ ಸೇರಿದಳು.

ಆ ಸಂಘ ಇರುವುದು ಲೆಸೊಥೊ ದೇಶದ ಟೀವೈ ಊರಿನಲ್ಲಿ. ಊರಿಗೆ ಟೆಯಾಟೆಯಾನೆಂಗ್ ಎಂದು ಪೂರ್ತಿ ಹೆಸರಿದೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ನಿಲ್ದಾಣಕ್ಕೆ ಹೋಗಿರುತ್ತದೆ. ಇಗರ್ಜಿಯ ಹಿಂದೆ, ಒಂದು ಕಾಲಕ್ಕೆ ಪಾದ್ರಿಗಳ ಕುದುರೆ ಕಟ್ಟುತ್ತಿದ್ದ ಲಾಯದಲ್ಲಿ ಏಳು ಮಗ್ಗ, ಹನ್ನೆರಡು ಹೆಂಗಸರು. ಉದ್ದಕೂದಲಿನ ಮೇಕೆಯ ಉಣ್ಣೆಯನ್ನು ಕೈಯಲ್ಲೇ ನೂತು, ಹಿತ್ತಲಿನ ಡ್ರಮ್ಮಿನಲ್ಲಿ ಬಣ್ಣ ಕುದಿಸಿ ಅದ್ದಿ, ಮಗ್ಗಕ್ಕೆ ಏರಿಸುತ್ತಾರೆ. ಮಳೆ ಬಂದ ದಿನ ಲಾಯಕ್ಕೆ ಇನ್ನೂ ಕುದುರೆ ವಾಸನೆ ಬರುತ್ತದೆ. "ಪಾದ್ರಿಗಳು ಹೋದ್ರು, ಲದ್ದಿ ಬಿಟ್ಟು ಹೋದ್ರು" ಎಂಬುದು ಅಲ್ಲಿಯ ಹಳೆಯ ತಮಾಷೆ.

ಮಾಸೆಲ್ಲೊ ನೇಯುವವಳಲ್ಲ. ಆಕೆಯದು ಕೊನೆಯ ಕೈ. ಮಗ್ಗದಿಂದ ಇಳಿದ ಕಂಬಳಿಯ ಅಂಚಿನ ನೂಲು ಗಂಟುಹಾಕುವುದು, ಗೋಡೆಗೆ ತೂಗುವಂಥದ್ದಾದರೆ ಹಿಂಬದಿಯ ಒಂದು ಅಂಚಿಗೆ ಕೋಲು ತೂರಿಸುವ ಬಟ್ಟೆಪಟ್ಟಿ ಹೊಲಿಯುವುದು, ಆ ಪಟ್ಟಿಯ ಪಕ್ಕ ಲೆಸೊಥೊದಲ್ಲಿ ಮಾಡಿದ್ದು ಎಂಬ ಇಂಗ್ಲಿಷ್ ಚೀಟಿ ಹೊಲಿಯುವುದು. ಆಕೆ ಶಾಲೆಗೆ ಹೋದದ್ದು ಎರಡು ವರ್ಷ. ಚೀಟಿಯಲ್ಲಿ ಎರಡು ಗುಡ್ಡ ಅಕ್ಕಪಕ್ಕ ನಿಂತಂತೆ ಒಂದು ಅಕ್ಷರವಿದೆ; ಅದು ಎಡಗಡೆ ಬರಬೇಕು, ಗುಡ್ಡದ ತುದಿ ಮೇಲಿರಬೇಕು. ಇಷ್ಟು ಗೊತ್ತಿದ್ದರೆ ಸಾಕು. ಇಪ್ಪತ್ತೇಳು ವರ್ಷದಲ್ಲಿ ಒಂದು ಚೀಟಿಯೂ ತಲೆಕೆಳಗಾಗಿ ಹೋಗಿರಲಿಲ್ಲ. ಬೆರಳುದ್ದಕ್ಕೆ ಹನ್ನೊಂದು ಹೊಲಿಗೆ; ಹತ್ತಾದರೆ ಬಿಚ್ಚುವಳು, ಹನ್ನೆರಡಾದರೂ ಬಿಚ್ಚುವಳು.

ಸಂಘದ ಕಂಬಳಿಗಳು ಅಮೆರಿಕಕ್ಕೆ ಹೋಗುತ್ತಿದ್ದವು. ಅಲ್ಲಿಯವರು ಒಂದು ಕಾನೂನು ಮಾಡಿದ್ದರು: ಆಫ್ರಿಕದ ಇಂತಿಂಥ ದೇಶಗಳಲ್ಲಿ ಕೈಯಲ್ಲಿ ನೇಯ್ದ ಮಾಲಿಗೆ ನಮ್ಮ ಬಂದರಿನಲ್ಲಿ ಸುಂಕವಿಲ್ಲ, ಆದರೆ ಅದು ಅಲ್ಲಿಯದೇ, ಕೈಯದೇ ಎಂದು ಆ ದೇಶದ ಅಧಿಕಾರಿ ಕಣ್ಣಾರೆ ನೋಡಿ ಮುದ್ರೆ ಒತ್ತಿರಬೇಕು ಎಂದು. ಆ ಮುದ್ರೆಗೆ ವೀಸಾ ಎಂದೇ ಹೆಸರು. ಸಂಘದ ಕಾರ್ಯದರ್ಶಿ ಲಿಕೆಲೆಲಿ ಇದನ್ನು ಮೊದಲ ಸಲ ಓದಿ ಹೇಳಿದ ದಿನ, ಒಂದನೇ ಮಗ್ಗದ ಮಾತಾಬೊ ಲಾಳಿ ಕೆಳಗಿಟ್ಟು ಕೇಳಿದ್ದಳು:

"ಅಂದ್ರೆ ಕಂಬ್ಳಿಗೆ ವೀಸಾ ಕೊಡ್ತಾರೆ, ನೇಯ್ದೋಳಿಗೆ ಕೊಡಲ್ಲ?"

"ಕಂಬ್ಳಿ ಅಲ್ಲಿ ಹೋಗಿ ಕೆಲ್ಸ ಕೇಳಲ್ವಲ್ಲ," ಎಂದಳು ಮಾಸೆಲ್ಲೊ. "ಗೋಡೆಗೆ ನೇತಾಕಿದ್ರೆ ಸುಮ್ನೆ ನೇತಾಡ್ಕೊಂಡಿರತ್ತೆ. ನೀನು ಇರ್ತೀಯಾ?"

ಆ ಕಾನೂನಿಗೆ ಒಂದು ಕೊನೆಯ ದಿನವಿತ್ತು. ಆ ವರ್ಷದ ಸೆಪ್ಟೆಂಬರ್ ಮೂವತ್ತು. ಆಮೇಲೆ ಮುಂದುವರಿಸುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಅಂಗಡಿ ಇಟ್ಟಿದ್ದ ಹೆಂಗಸು ಚಿತ್ರ ಕಳಿಸಿ ಗೋಡೆಗೆ ತೂಗುವ ನೂರ ಎಂಬತ್ತು ಕಂಬಳಿ ಕೇಳಿ, ಸುಂಕ ಬಿದ್ದರೆ ತಾನು ಒಂದನ್ನೂ ಬಿಡಿಸಿಕೊಳ್ಳುವುದಿಲ್ಲ ಎಂದು ಮೊದಲೇ ಬರೆದಿದ್ದಳು. ಆಗಸ್ಟಿನ ಮೂರನೇ ಭಾನುವಾರ ಡರ್ಬನ್ ಬಂದರಿನಿಂದ ಹೊರಡುವ ಹಡಗೇ ಹೊತ್ತಿಗೆ ಸರಿಯಾಗಿ ಮುಟ್ಟುವ ಕಡೆಯ ಹಡಗು. ಆ ವರ್ಷ ಬೇರೆ ಗಿರಾಕಿ ಇರಲಿಲ್ಲ. ಈ ಮಾಲು ವಾಪಸ್ಸಾದರೆ ಲಾಯಕ್ಕೆ ಬೀಗ ಬೀಳುತ್ತದೆಂದು ಹನ್ನೆರಡು ಜನಕ್ಕೂ ಗೊತ್ತಿತ್ತು. ಅರವತ್ತಮೂರರ ಮಾಸೆಲ್ಲೊಳನ್ನು ಬೇರೆ ಯಾರು ಕೆಲಸಕ್ಕೆ ಕರೆಯುತ್ತಾರೆ? ಪಟ್ಟಣದ ಪ್ಯಾಂಟಿನ ಕಾರ್ಖಾನೆಯವರು ಮೂವತ್ತು ದಾಟಿದವರ ಮುಖವನ್ನೂ ನೋಡುವುದಿಲ್ಲ.

ಕಂಬಳಿ ನಾಲ್ಕೂ ಕಡೆ ಒಂದೇ ಅಳತೆ. ಕಂದು ಮೈ, ನಡುವೆ ಎರಡು ದಪ್ಪ ಬಿಳಿ ಗೆರೆ. ಪಟ್ಟಿ ಹೊಲಿಯುವ ಮೊದಲೇ ತೆಗೆದ ಮಾದರಿ ಕಂಬಳಿಯ ಫೋಟೊವನ್ನು ಅರ್ಜಿಗೆ ಅಂಟಿಸಿ ತಿಂಗಳ ಹಿಂದೆಯೇ ರಾಜಧಾನಿ ಮಸೇರುವಿಗೆ ಕಳಿಸಿಯಾಗಿತ್ತು. ಏಳು ವಾರ ನೇಯ್ದು, ಗುರುವಾರ ಸಂಜೆ ನೂರ ಎಂಬತ್ತನೆಯ ಪಟ್ಟಿಗೆ ಮಾಸೆಲ್ಲೊ ಕೊನೆಯ ಹೊಲಿಗೆ ಹಾಕಿ ನೂಲನ್ನು ಹಲ್ಲಿನಲ್ಲಿ ಕಚ್ಚಿದಳು. ಶುಕ್ರವಾರ ಬೆಳಿಗ್ಗೆ ಅಧಿಕಾರಿ, ಮಧ್ಯಾಹ್ನ ಲಾರಿ.

ಅಧಿಕಾರಿಯ ಹೆಸರು ಫಾಕಿಸಿ. ಟೀವೈಯಲ್ಲಿ ಹಿರಿಯ ಹೆಂಗಸರೆಲ್ಲ ಮ್ಮೆ, ಅಂದರೆ ಅಮ್ಮ; ಗಂಡಸರೆಲ್ಲ ನ್ಟಾಟೆ, ಅಂದರೆ ಅಪ್ಪ. ನಿನ್ನೆ ಮೀಸೆ ಚಿಗುರಿದವನಾದರೂ ಕೈಯಲ್ಲಿ ಫೈಲಿದ್ದರೆ ನ್ಟಾಟೆಯೇ. ಫಾಕಿಸಿಗೆ ನಲವತ್ತರ ಆಸುಪಾಸು. ಕೋಟು, ಟೈ, ಹೊಳೆಯುವ ಬೂಟು, ಎಲ್ಲವೂ ಚೆನ್ನಾಗಿತ್ತು; ಮನುಷ್ಯ ಮಾತ್ರ ಮಾಸೆಲ್ಲೊಳ ಭುಜದವರೆಗೆ ಬರುತ್ತಿದ್ದ. ಅವನು ಕೆಲಸದಲ್ಲಿ ಕಟ್ಟುನಿಟ್ಟು. ಉಣ್ಣೆ ಎಳೆದು ಮೂಸಿ ನೋಡಿದ. ಮಾತಾಬೊಳನ್ನು ಮಗ್ಗಕ್ಕೆ ಕೂರಿಸಿ ಎರಡು ಬೆರಳಗಲ ನೇಯಿಸಿ ನೋಡಿದ. ಹಿತ್ತಲಿಗೆ ಹೋಗಿ ಬಣ್ಣದ ಡ್ರಮ್ಮನ್ನು ಕೋಲಿನಿಂದ ಕಲಕಿ, ಬೂಟಿನ ಮೇಲೆ ಕಂದು ಬಣ್ಣ ಹಾರಿಸಿಕೊಂಡ. ಆಮೇಲೆ ಫೈಲು ಬಿಚ್ಚಿ, "ಒಂದನ್ನ ಗೋಡೆಗೆ ತೂಗುಹಾಕಿ" ಎಂದ.

ಲಿಕೆಲೆಲಿ ಪಟ್ಟಿಯೊಳಗೆ ಕೋಲು ತೂರಿಸಿ ಎರಡು ಮೊಳೆಯ ಮೇಲೆ ಇಟ್ಟಳು. ಕಂಬಳಿ ಇಳಿಬಿತ್ತು. ಎರಡು ಬಿಳಿ ಗೆರೆ ನೆಟ್ಟಗೆ, ನೆಲದಿಂದ ಸೂರಿನ ಕಡೆಗೆ, ಜೋಳದ ದಂಟಿನ ಹಾಗೆ ನಿಂತವು. ಹೆಂಗಸರೆಲ್ಲ ತೃಪ್ತಿಯಿಂದ ನೋಡಿದರು.

ಫಾಕಿಸಿ ಕಂಬಳಿ ನೋಡಿದ. ಫೋಟೊ ನೋಡಿದ. ಮತ್ತೆ ಕಂಬಳಿ ನೋಡಿದ. ಕುತ್ತಿಗೆಯನ್ನು ಎಡಕ್ಕೆ ವಾಲಿಸಿದ.

"ಮ್ಮೆ, ಇದು ಅದಲ್ಲ."

"ಯಾವ್ದು ಯಾವ್ದಲ್ಲ?" ಎಂದಳು ಲಿಕೆಲೆಲಿ.

"ಫೋಟೊದಲ್ಲಿ ಗೆರೆ ಅಡ್ಡ ಇದೆ. ಎಡದಿಂದ ಬಲಕ್ಕೆ. ಇಲ್ಲಿ ನೋಡಿದ್ರೆ ನಿಂತಿದೆ."

ಲಿಕೆಲೆಲಿ ಫೈಲು ಕಸಿದುಕೊಂಡು ನೋಡಿದಳು. ಆಮೇಲೆ ತಲೆ ಎತ್ತಿ ಗೋಡೆಯ ಕಡೆ ನೋಡಿದಳು. ಅಂಗಡಿಯ ಹೆಂಗಸು ಕಳಿಸಿದ್ದ ಚಿತ್ರ ಏಳು ವಾರದಿಂದ ಅದೇ ಗೋಡೆಗೆ ಮೊಳೆ ಹೊಡೆಸಿಕೊಂಡು ಕೂತಿತ್ತು. ಅದರಲ್ಲೂ ಗೆರೆ ಮಲಗಿತ್ತು. ಹನ್ನೆರಡು ಜನ ದಿನಕ್ಕೆ ಹತ್ತು ಸಲ ಅದರ ಮುಂದೆ ಓಡಾಡಿದ್ದರು. ನೂರ ಎಂಬತ್ತು ಕಂಬಳಿ ಮಡಚಿದ್ದರು. ಒಬ್ಬಳ ಕಣ್ಣಿಗೂ ಬಿದ್ದಿರಲಿಲ್ಲ. ಹೇಗೆ ಬಿದ್ದೀತು? ಕಂಬಳಿ ಹೊದ್ದರೆ ಗೆರೆ ಉದ್ದಕ್ಕೆ ನಿಲ್ಲಬೇಕು, ಆಗಲೇ ಮಕ್ಕಳು ಬೆಳೆಯುತ್ತಾರೆ, ಪೈರು ಏಳುತ್ತದೆ. ಗೆರೆ ಮೈಗೆ ಅಡ್ಡ ಬಿದ್ದರೆ ಬೆಳವಣಿಗೆ ಅಲ್ಲಿಗೇ ನಿಂತಿತು. ಇದನ್ನು ಅಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹಾಲು ಕುಡಿಯುವಾಗಲೇ ಬಂದಿರುತ್ತದೆ.

"ಯಾರು ಹೊಲಿದಿದ್ದು ಪಟ್ಟೀನ?" ಎಂದ ಫಾಕಿಸಿ.

ಯಾರೂ ಮಾಸೆಲ್ಲೊಳ ಕಡೆ ನೋಡಲಿಲ್ಲ. ಹಾಗೆ ನೋಡದೆ ಇದ್ದದ್ದರಿಂದಲೇ ಅವನಿಗೆ ತಿಳಿಯಿತು.

ಮಾಸೆಲ್ಲೊ ಬೇಕೆಂದು ಮಾಡಿರಲಿಲ್ಲ. ಹೊಲಿಯಲು ಕೂತಾಗ ಕೈ ತಾನಾಗಿ ಕಂಬಳಿಯನ್ನು ತಿರುಗಿಸಿಕೊಂಡಿತ್ತು. ನೂರ ಎಂಬತ್ತು ಸಲ. ಹನ್ನೆರಡು ಜನರ ಅನ್ನ ಈಗ ಆ ಕೈಯ ಮೇಲೆ ಬಂದು ಕೂತಿತ್ತು.

"ನಾನೇ ಹೊಲಿದಿದ್ದು," ಎಂದಳು.

"ಬಿಚ್ಚಿ, ಇನ್ನೊಂದು ಅಂಚಿಗೆ ಹೊಲಿರಿ ಮ್ಮೆ. ಸೋಮವಾರ ಬಂದು ನೋಡ್ತೀನಿ."

"ಸೋಮವಾರ ಹಡಗು ಸಮುದ್ರದಲ್ಲಿರತ್ತೆ ನ್ಟಾಟೆ," ಎಂದಳು ಲಿಕೆಲೆಲಿ.

ಮಾಸೆಲ್ಲೊ ಒಂದು ಕಂಬಳಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಕತ್ತರಿಯ ತುದಿಯಿಂದ ಪಟ್ಟಿಯ ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿದಳು. ಆತುರ ಪಡಲಿಲ್ಲ. ಒಂದು ಗೇಣು ಬಿಡಿಸಿ, ಬೆಳಕಿಗೆ ಹಿಡಿದಳು. ಬಟ್ಟೆಯ ಜೊತೆ ಮೇಕೆಯ ಉದ್ದ ಕೂದಲೂ ಕಿತ್ತು ಬಂದಿತ್ತು. ಅಂಚಿನ ಉದ್ದಕ್ಕೂ ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ ಬೋಳು ಜಾಗ.

"ಹೊಲಿದ ಮೇಲೆ ನಾವು ಇದನ್ನ ಹಣಿಗೆಯಲ್ಲಿ ಬಾಚಿರ್ತೀವಿ. ಕೂದ್ಲು ಹೊಲಿಗೆ ಒಳಗೆ ಸೇರ್ಕೊಂಡಿರತ್ತೆ. ಎಲ್ಲಾ ಬಿಚ್ಚಿದ್ರೆ ನೂರ ಎಂಬತ್ತು ಬೋಳು ಕಂಬ್ಳಿ. ಅದಕ್ಕೆ ಮುದ್ರೆ ಹಾಕ್ತೀರಾ?"

"ಮ್ಮೆ, ನನ್ನ ಕೈಲಿ ಏನಿದೆ? ಫೋಟೊದಲ್ಲಿ ಇದ್ದ ಹಾಗೆ ಮಾಲು ಇರ್ಬೇಕು. ಹೋದ ವರ್ಷ ಒಂದು ಮುದ್ರೆ ತಪ್ಪು ಹಾಕಿ ಮೂರು ತಿಂಗ್ಳು ಗೋದಾಮಿನಲ್ಲಿ ಕೂರಿಸಿದ್ರು ನನ್ನ. ಗೆರೆ ಅಡ್ಡ ಇದ್ರೆ ಏನಾಗೋದಿತ್ತು ನಿಮ್ಗೆ? ಅಮೆರಿಕದೋರ ಗೋಡೆ. ಅವ್ರ ಗೋಡೆ ಬೆಳೀಬೇಕಾ?"

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅದು ಮಾಸೆಲ್ಲೊಗೆ ಚುಚ್ಚಿತು. ನೀವು ಎನ್ನುತ್ತಿದ್ದ ಬಾಯಿ ನೀನು ಎಂದಿತು.

"ಗೋಡೆ ಬೆಳೆಯಲ್ಲ. ಗೋಡೆ ಕೆಳಗೆ ಮಕ್ಳು ಮಲಗ್ತಾವೆ. ಜೋಳ ಮಲ್ಕೊಂಡು ಬೆಳೆದಿದ್ದನ್ನ ಎಲ್ಲಾದ್ರೂ ನೋಡಿದೀಯಾ ನೀನು? ನಿನ್ನನ್ನೇ ಕೇಳ್ತೀನಿ, ನಿಮ್ಮಮ್ಮ ನಿನ್ನ ಯಾವ ಕಂಬ್ಳೀಲಿ ಸುತ್ತಿದ್ಲು?"

ಮಾತಾಬೊ ಮುಖವನ್ನು ಉಣ್ಣೆಯ ಬುಟ್ಟಿಯೊಳಗೆ ಹಾಕಿಕೊಂಡಳು. ಲಿಕೆಲೆಲಿ ಕಣ್ಣು ಮುಚ್ಚಿದಳು. ಮುಗಿಯಿತು, ಮುದ್ರೆಯೂ ಹೋಯಿತು, ಸಂಘವೂ ಹೋಯಿತು, ಈ ಮುದುಕಿಯ ನಾಲಿಗೆ ಮಾತ್ರ ಉಳಿಯಿತು ಎಂದುಕೊಂಡಳು.

ಫಾಕಿಸಿ ಸಿಟ್ಟಾಗಲಿಲ್ಲ. ಬಗ್ಗಿ ಬೂಟಿನ ಮೇಲಿನ ಕಂದು ಕಲೆಯನ್ನು ಬೆರಳಿನಿಂದ ಒರೆಸಿದ. ಆಮೇಲೆ, ಸಣ್ಣ ಹುಡುಗನ ಹಾಗೆ ಹೇಳಿದ:

"ಅಡ್ಡಗೆರೇದು."

"ಏನು?"

"ಅವಳ ತಪ್ಪಲ್ಲ ಮ್ಮೆ. ಆ ವರ್ಷ ಹಿಮ ಜಾಸ್ತಿ ಬಿದ್ದಿತ್ತಂತೆ. ಮಿಷನ್‌ನೋರು ಹೊರದೇಶದ ಕಂಬ್ಳಿ ಹಂಚಿದ್ರು. ಚಿಕ್ಕದು, ಹೇಗೆ ಸುತ್ತಿದ್ರೂ ಗೆರೆ ಅಡ್ಡಾನೇ ಬರೋದು. ನಮ್ಮಣ್ಣನಿಗೆ ಮನೆ ಕಂಬ್ಳಿ ಇತ್ತು. ಅವನು ಆರಡಿ ಇದಾನೆ."

ಯಾರೂ ನಗಲಿಲ್ಲ. ಒಬ್ಬಿಬ್ಬರು ಅಯ್ಯೋ ಎಂದು ತುಟಿ ಸಪ್ಪಳ ಮಾಡಿದರು. ಮಾಸೆಲ್ಲೊಗೆ ತನ್ನ ಮಾತಿನ ಬಗ್ಗೆ ನಾಚಿಕೆಯಾಯಿತು. ಆದರೆ ನಾಚಿಕೊಂಡು ಕೂರುವ ಹೊತ್ತಲ್ಲ ಅದು. ಸ್ಟೂಲು ಎಳೆದು ಕೊಟ್ಟು, "ಕೂತ್ಕೊಳ್ಳಿ ನ್ಟಾಟೆ" ಎಂದಳು. ಮತ್ತೆ ನೀವು ಬಂತು. "ನಂಗೆ ಓದಕ್ಕೆ ಬರಲ್ಲ. ಆ ಕಾಗದದಲ್ಲಿ ಏನೇನು ಬರೆದಿದೆ, ಒಂದೂ ಬಿಡದೆ ಓದಿ. ನಿಧಾನಕ್ಕೆ."

ಫಾಕಿಸಿ ಓದಿದ. ಗೋಡೆಗೆ ತೂಗುವ ಕಂಬಳಿ. ಹೌದು. ಇಲ್ಲಿಯ ಮೇಕೆಯ ಉಣ್ಣೆ. ಹೌದು. ಕೈಮಗ್ಗ. ಹೌದು. ನಾಲ್ಕೂ ಕಡೆ ಇಷ್ಟಿಷ್ಟು ಅಳತೆ. ಮಾಸೆಲ್ಲೊ ಅಳತೆಗೆಂದು ಗಂಟು ಹಾಕಿಟ್ಟ ತನ್ನ ದಾರ ಹಿಡಿದು ಅಳೆದು ತೋರಿಸಿದಳು. ಬಿಳಿ ಗೆರೆ ಎರಡು.

"ಎರಡು ಇದಾವಲ್ಲ?"

"ಇದಾವೆ."

"ಮುಂದೆ?"

"ಮುಂದೆ ಏನಿಲ್ಲ. ಪಕ್ಕದಲ್ಲಿ ಫೋಟೊ."

"ಗೆರೆ ನಿಂತಿರ್ಬೇಕು, ಮಲಗಿರ್ಬೇಕು ಅಂತ?"

ಅವನು ಹಾಳೆಯ ಹಿಂದೆ ಮುಂದೆ ನೋಡಿದ. "ಬರೆದಿಲ್ಲ. ಆದ್ರೆ ಫೋಟೊ..."

"ಫೋಟೊದ ಯಾವ ಕಡೆ ಮೇಲೆ ಅಂತ ಬರೆದಿದ್ಯಾ?"

"ಅಂಟಿಸಿರೋ ಹಾಗೇ ತಾನೆ ಮ್ಮೆ..."

"ನನ್ನ ಗುರುತಿನ ಚೀಟೀಲಿ ಸೆಲ್ಲೊನ ತಾಯಿ ಅಂತಿದೆ," ಎಂದಳು ಮಾಸೆಲ್ಲೊ. "ನಿಮ್ಮ ಸರ್ಕಾರದೋರೇ ಬರೆದು, ಮುದ್ರೆ ಒತ್ತಿ, ನನ್ನ ಮುಖದ ಫೋಟೊ ಅಂಟಿಸಿ ಕೊಟ್ಟಿದಾರೆ. ಸೆಲ್ಲೊ ಎಲ್ಲಿದಾನೆ? ಹುಡುಕ್ಕೊಂಡು ಬನ್ನಿ, ಊಟ ಹಾಕ್ತೀನಿ. ಹುಟ್ಟದೇ ಇರೋ ಮಗನಿಗೆ ಮುದ್ರೆ ಹಾಕ್ತೀರಿ. ಕಣ್ಣೆದುರಿಗೆ ಇರೋ ಗೆರೆಗೆ ಹಾಕಕ್ಕೆ ಕೈ ನಡುಗತ್ತಾ?"

ಈ ಸಲ ನಗು ತಡೆಯಲಾಗಲಿಲ್ಲ. ಮಾತಾಬೊ ಬುಟ್ಟಿಯಿಂದ ತಲೆ ಎತ್ತಿ ಮೂಗಿನ ಮೇಲೆ ಉಣ್ಣೆ ಅಂಟಿಸಿಕೊಂಡೇ ನಕ್ಕಳು. ಫಾಕಿಸಿಯ ಮುಖದಲ್ಲೂ ಏನೋ ಸಡಿಲವಾಯಿತು. ಅವನು ಎದ್ದು, ಗೋಡೆಯ ಮೇಲಿನ ಕಂಬಳಿಯ ಎದುರು ನಿಂತು, ಕುತ್ತಿಗೆ ವಾಲಿಸುವುದನ್ನು ಬಿಟ್ಟು, ಫೈಲನ್ನೇ ಅಡ್ಡಕ್ಕೆ ತಿರುಗಿಸಿದ. ಗೆರೆ ನಿಂತಿತು. ಮಾಲೂ ಫೋಟೊವೂ ಒಂದೇ ಆಯಿತು.

"ಸರಿಯಾಗಿದೆ," ಎಂದ, ಯಾರಿಗೂ ಅಲ್ಲದ ಹಾಗೆ.

ಫೈಲನ್ನು ಮತ್ತೆ ನೆಟ್ಟಗೆ ಮಾಡಿದರೆ ಧೈರ್ಯ ಕೈಕೊಟ್ಟೀತೆಂದು ಹೆದರಿದನೋ ಏನೋ, ಅಡ್ಡಕ್ಕೇ ಮೇಜಿನ ಮೇಲಿಟ್ಟು, ಅಡ್ಡಕ್ಕೇ ಮುದ್ರೆ ಒತ್ತಿದ. ಆ ಮುದ್ರೆಯ ನಡುವೆ ದೇಶದ ಗುರುತಿನ ಮೊಸಳೆ ಇದೆ. ಕಾಗದವನ್ನು ಓದುವ ಹಾಗೆ ಹಿಡಿದರೆ ಮೊಸಳೆ ಬಾಲದ ಮೇಲೆ ನಿಂತು ಆಕಾಶಕ್ಕೆ ಬಾಯಿ ಬಿಟ್ಟಿತ್ತು.

"ಅದೂ ಬೆಳೀಲಿ ಬಿಡಿ," ಎಂದಳು ಮಾಸೆಲ್ಲೊ.

ಬಿಚ್ಚಿದ ಪಟ್ಟಿಯನ್ನು ಬೋಳು ಜಾಗದ ಮೇಲೇ ಕೂರಿಸಿ, ಬೆರಳುದ್ದಕ್ಕೆ ಹನ್ನೊಂದರ ಲೆಕ್ಕದಲ್ಲೇ ಮತ್ತೆ ಹೊಲಿದಳು. ಅಷ್ಟು ಹೊತ್ತು ಲಾರಿಯವನು ಹಾರನ್ ಬಾರಿಸುತ್ತಲೇ ಇದ್ದ. ಫಾಕಿಸಿ ಗಟ್ಟಿ ಜೋಳದ ಗಂಜಿ, ಸೊಪ್ಪಿನ ಪಲ್ಯ ಉಂಡು, ಹೊರಡುವಾಗ ಬಾಗಿಲಲ್ಲಿ ನಿಂತು, ತನ್ನ ಹೆಂಡತಿಗೆ ಡಿಸೆಂಬರಿಗೆ ಹೆರಿಗೆ, ಮಗುವಿಗೆ ಒಂದು ಕಂಬಳಿ ಬೇಕು ಎಂದ. ಗೆರೆಯ ವಿಷಯ ಅವನೂ ಹೇಳಲಿಲ್ಲ, ಮಾಸೆಲ್ಲೊ ಕೂಡ ಕೇಳಲಿಲ್ಲ.

ಅಮೆರಿಕದ ಬಂದರಿನವರು ಮೊಸಳೆಯನ್ನು ತಲೆ ವಾಲಿಸಿ ನೋಡಿದರೋ, ನೋಡಲೇ ಇಲ್ಲವೋ, ಅಂತೂ ಸುಂಕ ಬೀಳಲಿಲ್ಲ. ಕಾನೂನನ್ನೂ ಅಲ್ಲಿಯ ದೊಡ್ಡವರು ತಮ್ಮತಮ್ಮಲ್ಲೇ ಕಿತ್ತಾಡಿ, ಹಳೇ ಪ್ಯಾಂಟಿನ ಮಂಡಿಗೆ ತೇಪೆ ಹಾಕಿದಂತೆ, ಮತ್ತಷ್ಟು ವರ್ಷಕ್ಕೆ ಮುಂದುವರಿಸಿದರು. ಲಾಯಕ್ಕೆ ಬೀಗ ಬೀಳಲಿಲ್ಲ.

ನವೆಂಬರಿನಲ್ಲಿ ಅಂಗಡಿಯ ಹೆಂಗಸಿನ ಪತ್ರ ಬಂತು. ಲಿಕೆಲೆಲಿ ಓದಿ ಹೇಳಿದಳು: ಗೆರೆ ತಾನು ಹೇಳಿದ ಹಾಗೆ ಬರಲಿಲ್ಲ, ಕೆಲವು ಗಿರಾಕಿಗಳು ಮೆಚ್ಚಿದರು, ಕೆಲವರು ಗೊಣಗಿದರು. ಇನ್ನೂರು ಕಂಬಳಿ ಮತ್ತೆ ಬೇಕು. ಈ ಸಲ ಅಕ್ಕಪಕ್ಕದ ಎರಡು ಅಂಚಿಗೂ ಪಟ್ಟಿ ಹೊಲಿಯಬೇಕು. ಬೇಕಾದವರು ಬೇಕಾದ ಹಾಗೆ ತೂಗಿಕೊಳ್ಳಲಿ.

"ಎರಡು ಕಡೆ ಅಂದ್ರೆ ಎರಡು ಕಡೆ, ಮ್ಮೆ," ಎಂದಳು ಲಿಕೆಲೆಲಿ, ಬೆರಳು ಎತ್ತಿ. "ಬರೆದಿದಾರೆ."

"ಆಗ್ಲಿ. ಪಟ್ಟಿ ಅಗಲ ಎಷ್ಟಿರ್ಬೇಕು ಅಂತ ಬರೆದಿದಾರಾ?"

ಲಿಕೆಲೆಲಿ ಪತ್ರವನ್ನು ಕೊನೆಯವರೆಗೂ ನೋಡಿದಳು. "ಇಲ್ಲ."

ಮಾಸೆಲ್ಲೊ ಸೂಜಿಗೆ ನೂಲು ಪೋಣಿಸಿದಳು. ಇನ್ನೂರು ಕಂಬಳಿಗೂ ಎರಡೆರಡು ಪಟ್ಟಿ ಹೊಲಿದಳು, ಬೆರಳುದ್ದಕ್ಕೆ ಹನ್ನೊಂದು ಹೊಲಿಗೆ, ಎಲ್ಲಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಗೆರೆ ನಿಲ್ಲುವ ಕಡೆಯ ಪಟ್ಟಿಯಲ್ಲಿ ಕೋಲು ಸಲೀಸಾಗಿ ಓಡಾಡುತ್ತಿತ್ತು. ಗೆರೆ ಮಲಗುವ ಕಡೆಯ ಪಟ್ಟಿಯೊಳಗೆ ಹೆಣಿಗೆ ಕಡ್ಡಿಯನ್ನೂ ತೂರಿಸಲು ಆಗುತ್ತಿರಲಿಲ್ಲ.